ಕಾರಂತರ ‘ಪ್ರಪಂಚ’ಗಳು ಮತ್ತು ನಮ್ಮ ಮಕ್ಕಳ ಜ್ಞಾನಸಾಹಿತ್ಯ

ಶಿವರಾಮ ಕಾರಂತರೆಂದರೆ ಮೊದಲು ನೆನಪಾಗುವುದು ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಮೂಕಜ್ಜಿಯ ಕನಸುಗಳು’, ಆಮೇಲೆ ಯಕ್ಷಗಾನ. ಮಕ್ಕಳಿಗಾಗಿ ಬರೆದ ‘ಬಾಲ ಪ್ರಪಂಚ’ದ ಮೂರು ಸಂಪುಟಗಳೂ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳೂ ಅವರ ಸಾಧನೆಯ ಪಟ್ಟಿಯಲ್ಲಿ ತಪ್ಪದೆ ಇರುತ್ತವೆ, ವಿಮರ್ಶೆಯಲ್ಲಿ ಮಾತ್ರ ಕಾಣುವುದಿಲ್ಲ. ‘ಒಬ್ಬರೇ ಇಷ್ಟೆಲ್ಲ ಮಾಡಿದರಲ್ಲ’ ಎಂದು ಬೆರಗುಪಟ್ಟು ಮುಂದಿನ ಮಾತಿಗೆ ಹೊರಳುವುದು ನಮಗೆ ರೂಢಿಯಾಗಿದೆ. ಈ ಬೆರಗಿನಿಂದ ಕಾರಂತರಿಗೇನೂ ನಷ್ಟವಿಲ್ಲ. ಕನ್ನಡದ ಮಕ್ಕಳ ಜ್ಞಾನಸಾಹಿತ್ಯಕ್ಕೆ ಆಗಿದೆ. ಹೊಗಳಿದ್ದನ್ನು ಯಾರೂ ಮುಂದುವರಿಸಲಿಲ್ಲ, ತಿದ್ದಲಿಲ್ಲ, ಅದರೊಡನೆ ಜಗಳವನ್ನೂ ಆಡಲಿಲ್ಲ.

‘ಬಾಲ ಪ್ರಪಂಚ’ ಹೊರಬಂದದ್ದು 1936ರಲ್ಲಿ. ಆಗ ಕನ್ನಡನಾಡು ಹರಿದು ಹಂಚಿಹೋಗಿತ್ತು. ಕಾರಂತರು ಇದ್ದ ಪುತ್ತೂರು ಮದರಾಸು ಪ್ರಾಂತ್ಯದೊಳಗಿತ್ತು. ಮೇಲಿನ ತರಗತಿಗಳ ವಿಜ್ಞಾನವೆಂದರೆ ಹೆಚ್ಚಾಗಿ ಇಂಗ್ಲಿಷೇ. ಕಾರಂತರಿಗೆ ವಿಜ್ಞಾನದ ಪದವಿ ಇರಲಿಲ್ಲ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟವರು ಅವರು. ತಾವೇ ಓದಿ, ತಮಗೆ ಅರ್ಥವಾದದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಹೊರಟರು. ಅವರ ಬಲವಿದ್ದದ್ದು ಇಲ್ಲಿಯೇ. ವಿಷಯದೊಳಗೇ ಬೆಳೆದ ಪಂಡಿತನಿಗೆ ತನಗೆ ತಿಳಿದಿದ್ದರಲ್ಲಿ ಯಾವುದು ಕಷ್ಟ ಎಂಬುದು ಮರೆತುಹೋಗಿರುತ್ತದೆ. ಹೊರಗಿನಿಂದ ಬಂದು ಕಲಿತವನಿಗೆ ತಾನು ಎಡವಿದ ಜಾಗವೆಲ್ಲ ಗೊತ್ತು.

ಈ ಪುಸ್ತಕಗಳನ್ನು ಕಾದಂಬರಿಗಳಿಂದ ಬೇರ್ಪಡಿಸಿ ‘ಎಡಗೈ ಬರಹ’ ಎಂದು ನೋಡುವುದೂ ಸರಿಯಲ್ಲ. ‘ವಿಜ್ಞಾನ ಪ್ರಪಂಚ’ದ ಸಂಪುಟಗಳು 1959ರಿಂದ 1964ರವರೆಗೆ ಬಂದವು, ‘ಮೂಕಜ್ಜಿಯ ಕನಸುಗಳು’ 1968ರದು. ಮೂಕಜ್ಜಿ ಹಳೆಯ ವಸ್ತುವೊಂದನ್ನು ಕೈಗೆತ್ತಿಕೊಂಡರೆ ಅದರ ಹಿಂದಿನ ಬದುಕು ಅವಳ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ರಾಯ ಕೇಳುತ್ತಾ ಹೋಗುತ್ತಾನೆ, ಅಜ್ಜಿ ದೇವರುಗಳ ಹುಟ್ಟನ್ನೂ ಮನುಷ್ಯರ ಭಯವನ್ನೂ ಬಿಡಿಸಿ ಹೇಳುತ್ತಾಳೆ. ಮನುಷ್ಯ ಎಲ್ಲಿಂದ ಬಂದ, ಹೇಗೆ ನಂಬತೊಡಗಿದ ಎಂಬ ಪ್ರಶ್ನೆಯನ್ನು ಕಾದಂಬರಿಕಾರ ಆಗಷ್ಟೇ ಹೊಸದಾಗಿ ಕಂಡುಕೊಂಡದ್ದಲ್ಲ. ಜೀವದ ವಿಕಾಸವನ್ನೂ ಮಾನವಕುಲದ ಪ್ರಾಚೀನತೆಯನ್ನೂ ಸಾಮಾನ್ಯ ಓದುಗನಿಗೆ ವಿವರಿಸುತ್ತಾ ವರ್ಷಗಟ್ಟಲೆ ಕುಳಿತ ಮನಸ್ಸಿಗೆ ಆ ಅಜ್ಜಿ ಒದಗಿಬಂದಳು ಎಂದೇ ನನಗೆ ತೋರುತ್ತದೆ. 1977ರಲ್ಲಿ ಜ್ಞಾನಪೀಠ ತಂದುಕೊಟ್ಟ ಕಾದಂಬರಿಯ ಬೇರುಗಳಲ್ಲಿ ಒಂದಾದರೂ ನಾವು ಓದದೆ ಬಿಟ್ಟ ಆ ದಪ್ಪ ಸಂಪುಟಗಳಲ್ಲಿದೆ.

ಆದರೆ ಮೂಕಜ್ಜಿ–ಸುಬ್ರಾಯರ ನಡುವೆ ಇರುವ ಸಂವಾದ ವಿಶ್ವಕೋಶದ ಮಾದರಿಯಲ್ಲಿ ಇರಲಾರದು. ಅಲ್ಲಿ ಹೇಳುವವರು ಒಬ್ಬರೇ, ಮಗು ಕೇಳಿಸಿಕೊಳ್ಳಬೇಕು. ಆ ದನಿ ಎಷ್ಟೇ ಆಪ್ತವಾಗಿದ್ದರೂ ಅದು ತೀರ್ಪಿನ ದನಿ. ಕಾಲ ಒಡ್ಡುವ ತೊಡಕು ಇದಕ್ಕಿಂತ ದೊಡ್ಡದು. ‘ವಿಜ್ಞಾನ ಪ್ರಪಂಚ’ ಸಿದ್ಧವಾದದ್ದು ಸ್ಪುಟ್ನಿಕ್ ಹಾರಿದ 1957ಕ್ಕೂ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ 1969ಕ್ಕೂ ನಡುವೆ. ಭೂಮಿಯ ಹೊರಪದರ ಫಲಕಗಳಾಗಿ ಸರಿಯುತ್ತದೆಂಬ ವಿವರಣೆಯನ್ನು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದು ಆ ದಶಕದ ಕೊನೆಗೆ. 1930ರಲ್ಲಿ ಪತ್ತೆಯಾಗಿ ಒಂಬತ್ತನೆಯ ಗ್ರಹವೆನಿಸಿಕೊಂಡ ಪ್ಲೂಟೊ 2006ರಲ್ಲಿ ಆ ಪಟ್ಟ ಕಳೆದುಕೊಂಡಿತು. ಅಂಥ ಪುಸ್ತಕ ಅಚ್ಚಾದ ದಿನದಿಂದಲೇ ಹಳತಾಗತೊಡಗುತ್ತದೆ. ಇದು ಲೇಖಕರ ದೋಷವಲ್ಲ, ಆ ಬಗೆಯ ಬರಹದ ಹಣೆಬರಹ.

ಒಬ್ಬರ ಹೆಗಲ ಮೇಲೆ ಇಷ್ಟು ಭಾರ ಸಲ್ಲದು ಎಂಬುದಕ್ಕೆ ಎಪ್ಪತ್ತರ ದಶಕದಲ್ಲಿ ಕನ್ನಡ ಒಳ್ಳೆಯ ಉತ್ತರವನ್ನೇ ಕೊಟ್ಟಿತು. ‘ಚಿರಸ್ಮರಣೆ’ಯ ನಿರಂಜನರು ಪ್ರಧಾನ ಸಂಪಾದಕರಾಗಿ, ಹಲವು ವಿಷಯತಜ್ಞರನ್ನು ಸೇರಿಸಿ, ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯನ್ನು ಏಳು ಸಂಪುಟಗಳಲ್ಲಿ ತಂದರು. ಅದೇ ದಶಕದ ಕೊನೆಗೆ ಬಂದ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹಳತಾಗುವ ಸಮಸ್ಯೆಗೆ ಇನ್ನೊಂದು ದಾರಿ ತೋರಿಸಿತು: ಈ ತಿಂಗಳ ತಪ್ಪನ್ನು ಮುಂದಿನ ತಿಂಗಳು ತಿದ್ದಬಹುದು. ಪತ್ರಿಕೆಗಿರುವ ಈ ಸೌಲಭ್ಯವನ್ನು ಪುಸ್ತಕಗಳಿಗೂ ಒದಗಿಸುವ ಏರ್ಪಾಡು ಮಾತ್ರ ಬೆಳೆಯಲಿಲ್ಲ.

ಪೂರ್ಣಚಂದ್ರ ತೇಜಸ್ವಿ ಹಿಡಿದದ್ದು ಬೇರೆಯೇ ದಾರಿ. 1980ರ ‘ಕರ್ವಾಲೊ’ ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಹೈಸ್ಕೂಲಿನ ಹುಡುಗರು ಅದನ್ನು ಬಿಡದೆ ಓದಿದರು. ಅಲ್ಲಿ ವಿಜ್ಞಾನಿ ಕರ್ವಾಲೊ ಊರಿನವರ ಕಣ್ಣಿಗೆ ಉಡಾಳನಾದ ಮಂದಣ್ಣನ ಬೆನ್ನು ಹತ್ತುತ್ತಾರೆ, ಏಕೆಂದರೆ ಹಾರುವ ಓತಿಯನ್ನು ಕಂಡವನು ಅವನೇ. ಪದವಿಯವನು ಪದವಿ ಇಲ್ಲದವನಿಂದ ಕಲಿಯುತ್ತಾನೆ. ಕೊನೆಗೆ ಓತಿ ಕೈಗೆ ಸಿಕ್ಕಂತಾಗಿ ಕಣಿವೆಯತ್ತ ತೇಲಿಹೋಗುತ್ತದೆ. ಸಿಕ್ಕದೇ ಹೋದದ್ದರಿಂದಲೇ ಓದುವ ಹುಡುಗನಿಗೆ ಹುಡುಕಾಟವೆಂದರೇನು ಎಂಬುದು ಮನದಟ್ಟಾಗುತ್ತದೆ. 1991ರ ‘ಪರಿಸರದ ಕತೆ’ಯಲ್ಲೂ ಇದೇ ಕ್ರಮ: ನಾಯಿ, ಮೀನು, ಕೂಲಿಯಾಳುಗಳ ಜೊತೆ ಗೊತ್ತಿಲ್ಲದ್ದರ ಬೆನ್ನಟ್ಟುವ ಖುಷಿ. ಇಂಥ ಬರಹಕ್ಕೆ ವಯಸ್ಸಾಗದು. ಅದು ಕೊಡುವುದು ಮಾಹಿತಿಗಿಂತ ಹೆಚ್ಚಾಗಿ ನೋಡುವ ಅಭ್ಯಾಸವನ್ನು.

ಹಾಗೆಂದು ಕಾರಂತರ ದಾರಿ ಸೋತಿತು, ತೇಜಸ್ವಿಯವರದು ಗೆದ್ದಿತು ಎಂದುಬಿಡುವುದು ಅವಸರದ ಮಾತು. ತೇಜಸ್ವಿಯವರ ರೀತಿಗೆ ಮೂಡಿಗೆರೆಯಂಥ ಕಾಡು ಬೇಕು, ಅವರಂಥ ಚೇಷ್ಟೆಯ ಮನಸ್ಸೂ ಬೇಕು. ಪರಮಾಣುವಿನ ಒಳಗನ್ನೋ ಹೃದಯದ ಕವಾಟಗಳನ್ನೋ ತೋಟದ ಅಂಚಿನಲ್ಲಿ ನಿಂತು ತೋರಿಸಲಾಗದು. ಅದಕ್ಕೆ ಕ್ರಮವಾದ ವಿವರಣೆಯೇ ಆಗಬೇಕು. ಸ್ವತಃ ತೇಜಸ್ವಿ ಕೂಡ ಮುಂದೆ ‘ಮಿಲೇನಿಯಂ’ ಸರಣಿಯಲ್ಲಿ ಲೋಕದ ನಾನಾ ಸಂಗತಿಗಳನ್ನು ಸಂಗ್ರಹಿಸಿ ಕೊಟ್ಟರು. ಅಂದರೆ ಪುತ್ತೂರಿನ ದಾರಿಗೇ ಅವರೂ ಬಂದು ಸೇರಿದರು. ಒಂದು ಭಾಷೆಯ ಮಕ್ಕಳಿಗೆ ಈ ಎರಡೂ ಬೇಕು.

ನಮ್ಮಲ್ಲಿ ಲೇಖಕರಿಗೆ ಬರವಿರಲಿಲ್ಲ, ಪರಿಷ್ಕರಿಸುವವರಿಗೆ ಇತ್ತು. ಮರುಮುದ್ರಣವೆಂದರೆ ಹಳೆಯದನ್ನು ಹಾಗೆಯೇ ಅಚ್ಚು ಹಾಕಿ ಮುನ್ನುಡಿ ಸೇರಿಸುವುದೆಂದು ಪ್ರಕಾಶಕರೂ ಓದುಗರೂ ಒಪ್ಪಿಕೊಂಡಿದ್ದೇವೆ. ಕಾದಂಬರಿಗೆ ಇದು ಗೌರವ. ಜ್ಞಾನದ ಪುಸ್ತಕಕ್ಕೆ ಇದು ಅನಾದರ. ಕಾರಂತರ ಸಂಪುಟಗಳನ್ನು ಆ ಕಾಲದ ದಾಖಲೆಯಾಗಿ ಟಿಪ್ಪಣಿಗಳೊಡನೆ ಉಳಿಸಿಕೊಳ್ಳಲಿ. ಅವುಗಳ ಪಕ್ಕದಲ್ಲಿ ಹತ್ತು ವರ್ಷಕ್ಕೊಮ್ಮೆ ತಜ್ಞರು, ಶಿಕ್ಷಕರು, ಚಿತ್ರಕಾರರು ಕೂತು ತಿದ್ದುವ ಹೊಸ ಸಂಪುಟಗಳೂ ಬರಲಿ. ಮಕ್ಕಳ ಪುಸ್ತಕಗಳಿಗೆ ಬಹುಮಾನ ಕೊಟ್ಟು ಸುಮ್ಮನಾಗುವ ವಿಮರ್ಶಕರು ಅವುಗಳ ವಾಕ್ಯಗಳನ್ನೂ ಪರಿಭಾಷೆಯನ್ನೂ ತಪ್ಪುಗಳನ್ನೂ ಕಾದಂಬರಿಯಷ್ಟೇ ಬಿಗಿಯಾಗಿ ಪರೀಕ್ಷಿಸಲಿ.

ಹೀಗೆ ಕೇಳುವ ಹಕ್ಕನ್ನು ನಮಗೆ ಕೊಟ್ಟವರೂ ಕಾರಂತರೇ. ನಾಲ್ಕು ಸಂಪುಟಗಳಲ್ಲಿ ವಿಜ್ಞಾನವನ್ನು ಕನ್ನಡಕ್ಕೆ ತಂದವರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೂ ನಿಂತರು, ಸೋತರು. ಅವರ ವಾದವನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ವಿಜ್ಞಾನ ತಿಳಿದುಕೊಳ್ಳುವುದು ಅದಕ್ಕೆ ಕೈಮುಗಿಯುವುದಕ್ಕಲ್ಲ, ಅದರ ಹೆಸರಿನಲ್ಲಿ ತಮ್ಮೂರಿಗೆ ಬಂದದ್ದನ್ನು ಪ್ರಶ್ನಿಸುವುದಕ್ಕೂ ಹೌದು ಎಂಬ ನಿಲುವು ಅಲ್ಲಿತ್ತು. ಮಕ್ಕಳಿಗಾಗಿ ಬರೆಯುವ ಯಾವುದೇ ಜ್ಞಾನಪುಸ್ತಕವನ್ನು ಇಂದು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ: ಓದಿ ಮುಗಿಸಿದ ಹುಡುಗಿ ಅದೇ ಪುಸ್ತಕದ ಮೇಲೆ ಪ್ರಶ್ನೆ ಎತ್ತಬಲ್ಲಳೇ?