ವಾಲಿಗೆ ಗೊತ್ತಿರಬಾರದ್ದು

ಬಾಣ ಎದೆಗೆ ನಾಟುವವರೆಗೆ ರಾಮ ಮರದ ಮರೆಯಲ್ಲಿದ್ದಾನೆಂದು ವಾಲಿಗೆ ಗೊತ್ತಿಲ್ಲ. ವಾಲಿಯ ಅರ್ಥ ಹೇಳುವವರಿಗೆ ಗೊತ್ತು, ಇದಿರು ಕೂತ ರಾಮನಿಗೆ ಗೊತ್ತು, ಭಾಗವತರಿಗೆ ಗೊತ್ತು, ಕೊನೆಯ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುವ ಅಜ್ಜನಿಗಂತೂ ಪದ್ಯಸಮೇತ ಗೊತ್ತು. ಇಷ್ಟೂ ಜನರ ನಡುವೆ ವಾಲಿಯೊಬ್ಬ ತಿಳಿಯದೆ ಮಾತಾಡಬೇಕು. ತಾಳಮದ್ದಳೆಯಲ್ಲಿ ನಾನು ಅರ್ಥಗಾರಿಕೆಯನ್ನು ತೂಗುವುದು ಮೊದಲು ಇಲ್ಲೇ. ಶ್ಲೋಕ ಎಷ್ಟು ಬಂತು, ಕಂಠ ಹೇಗಿತ್ತು ಎಂಬುದೆಲ್ಲ ಆಮೇಲೆ.

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಗಳ ಸುಗ್ಗಿ. ಮೆಲ್ಕಾರಿನಲ್ಲಿ ಕೊಡೆ ಹಿಡಿದು ನಿಂತರೆ ಒಂದು ಬಸ್ಸು ಕಲ್ಲಡ್ಕ, ಮಾಣಿಯ ಕಡೆಗೆ, ಇನ್ನೊಂದು ಮುಡಿಪಿನ ಕಡೆಗೆ. ನೇತ್ರಾವತಿ ದಾಟಿದರೆ ಬಿ.ಸಿ.ರೋಡ್. ಯಾವುದನ್ನು ಹತ್ತಿದರೂ ಎಲ್ಲೋ ಒಂದು ದೇವಸ್ಥಾನದ ಸಭಾಂಗಣದಲ್ಲೋ ಮನೆಯ ಚಾವಡಿಯಲ್ಲೋ ಚೆಂಡೆ ಕೇಳಿಸುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಬರೆದಿಟ್ಟದ್ದು ಪದ್ಯ ಮಾತ್ರ. ಮಾತೆಲ್ಲ ಕೂತಲ್ಲೇ ಹುಟ್ಟಬೇಕು. ಪ್ರಸಂಗದ ಕೊನೆ ನಿಶ್ಚಿತ, ಅಲ್ಲಿಗೆ ಹೋಗುವ ದಾರಿ ಮಾತ್ರ ಆಯಾ ದಿನದ್ದು.

ಬೆಂಗಳೂರಿನಲ್ಲಿ ಓದುವ ಸೋದರಳಿಯನೊಬ್ಬ ಇಪ್ಪತ್ತು ಮುಖದ ದಾಳ ಉರುಳಿಸಿ ಆಡುವ ಆಟವೊಂದನ್ನು ವಿವರಿಸಿದಾಗ ನನಗೆ ನೆನಪಾದದ್ದು ಇದೇ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ಕೂತು ಒಬ್ಬ ವೀರನಾಗುತ್ತಾನೆ, ಒಬ್ಬ ಮಾಂತ್ರಿಕನಾಗುತ್ತಾನೆ. ಕಥೆ ನಡೆಸಲು ಒಬ್ಬ ಮೇಷ್ಟ್ರು ಇರುತ್ತಾನೆ. ಅಲ್ಲಿ ಟ್ರಾಲ್ ಎಂಬ ರಾಕ್ಷಸನಿಗೆ ಕಡಿದ ಗಾಯ ತಾನಾಗಿಯೇ ಕೂಡಿಕೊಳ್ಳುತ್ತದೆ. ಬೆಂಕಿಯೋ ಆಸಿಡ್ಡೋ ತಾಗಿದರೆ ಮಾತ್ರ ಇಲ್ಲ. ಪುಸ್ತಕ ಓದಿದ ಆಟಗಾರನಿಗೆ ಇದು ಗೊತ್ತು. ಊರು ಬಿಟ್ಟು ಹೊರಗೆ ಹೋಗದ ಅವನ ವೀರನಿಗೆ ಗೊತ್ತಿರುವ ಕಾರಣವಿಲ್ಲ. ಆದರೂ ಆತ ಮೊದಲ ಏಟಿಗೇ ಪಂಜು ಎತ್ತಿದರೆ ಉಳಿದವರು ‘ಮೆಟಾಗೇಮಿಂಗ್’ ಎಂದು ಕೂಗುತ್ತಾರಂತೆ. 1979ರಲ್ಲಿ ಮೇಷ್ಟ್ರುಗಳಿಗಾಗಿಯೇ ಬರೆದ ಕೈಪಿಡಿಯ ಮುನ್ನುಡಿಯಲ್ಲಿ ಗೈಗ್ಯಾಕ್ಸ್, ಆಟಗಾರರ ಕೈಗೆ ಈ ಪುಸ್ತಕ ಸೇರಬಾರದೆಂದು ಅರ್ಧ ತಮಾಷೆಯಾಗಿ ಗದರಿಸಿದ್ದೂ ಉಂಟು.

ನಮ್ಮಲ್ಲಿ ಆ ಉಪಾಯ ನಡೆಯುವುದಿಲ್ಲ. ರಾಮಾಯಣವನ್ನು ಯಾರಿಂದ ಬಚ್ಚಿಡುವುದು? ಅರ್ಥಧಾರಿ ಹೆಚ್ಚು ಓದಿದಷ್ಟೂ ಒಳ್ಳೆಯದೆಂದೇ ನಾವು ಬಯಸುತ್ತೇವೆ. ಹಾಗಾಗಿ ತಿಳಿದದ್ದು ತಪ್ಪಲ್ಲ, ತಿಳಿದದ್ದು ಪಾತ್ರದ ಬಾಯಿಂದ ಸೋರಿದರೆ ತಪ್ಪು. ತ್ರೇತಾಯುಗದ ವಾಲಿ ಗೀತೆಯ ಶ್ಲೋಕ ಹೇಳಿದ್ದನ್ನು ಕೇಳಿದ್ದೇನೆ. ಸಭೆ ಚಪ್ಪಾಳೆ ತಟ್ಟಿತು; ಕೃಷ್ಣ ಇನ್ನೂ ಹುಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚು ಕಾಡುವ ಸೋರಿಕೆ ಇನ್ನೊಂದು. ಮರೆಯಲ್ಲಿ ನಿಂತು ಹೊಡೆದದ್ದೇಕೆ ಎಂದು ವಾಲಿ ಕೇಳುವ ಮೊದಲೇ ಕೆಲವು ರಾಮರು ಪೀಠಿಕೆಯಲ್ಲಿ ಉತ್ತರ ಕೊಟ್ಟು ಮುಗಿಸುತ್ತಾರೆ: ತಮ್ಮನ ಹೆಂಡತಿ ರುಮೆಯ ವಿಚಾರ, ಈ ಕಾಡು ಭರತನ ಆಳ್ವಿಕೆಗೆ ಸೇರಿದ್ದು, ಮೃಗಬೇಟೆಗೆ ಮರೆ ಸಲ್ಲುತ್ತದೆ, ಎಲ್ಲವೂ. ಇದಿರಿನವರ ವಾದದ ಪಟ್ಟು ಹತ್ತು ಕೂಟಗಳಲ್ಲಿ ಕೇಳಿ ಗೊತ್ತಿದೆಯಲ್ಲ, ಅದಕ್ಕೆ. ಇದು ರಾಮನ ಜಾಣತನವಲ್ಲ, ಇದಿರಿನ ಅರ್ಥಧಾರಿಗೆ ಕೊಟ್ಟ ಪೆಟ್ಟು. ಪಾಪ, ವಾಲಿ ಆಮೇಲೆ ಕೇಳುವುದಾದರೂ ಏನನ್ನು?

ಬಲ್ಲವರು ಏನು ಮಾಡುತ್ತಾರೆಂದರೆ, ಪಾತ್ರಕ್ಕೆ ಏನು ಗೊತ್ತು, ಅದು ಯಾರಿಂದ ಗೊತ್ತಾಯಿತು ಎಂದು ಲೆಕ್ಕ ಇಡುತ್ತಾರೆ. ಸುಗ್ರೀವನ ಬೆನ್ನಿಗೆ ರಾಮನಿದ್ದಾನೆಂದು ತಾರೆ ಎಚ್ಚರಿಸಿದ್ದಾಳೆ. ಅವಳಿಗೆ ಸುದ್ದಿ ಅಂಗದನಿಂದ. ಅಂದರೆ ವಾಲಿಗೆ ರಾಮನ ಸುದ್ದಿ ಮುಟ್ಟಿದೆ. ಆದರೂ ಅವನು ಹೊರಟದ್ದು, ರಾಮ ಧರ್ಮ ಬಲ್ಲವನು, ಅನ್ಯಾಯ ಮಾಡಲಾರ ಎಂಬ ನಂಬಿಕೆಯಿಂದ. ಈ ನಂಬಿಕೆಯನ್ನು ತಾರೆಯ ಮುಂದೆ ಗಟ್ಟಿಯಾಗಿ ಕಟ್ಟಿದವನಿಗೆ ಬಾಣ ನಾಟಿದ ಮೇಲೆ ಮಾತು ಹುಡುಕಬೇಕಾಗಿಲ್ಲ. ವಾಲಿ, ರಾವಣರಂಥ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇದಿರು ಕೂತವನನ್ನು ಮಾತಿಗೆ ಎಳೆಯುತ್ತಿದ್ದುದನ್ನು ನೆನೆಯುವವರು ಈಗಲೂ ನಮ್ಮಲ್ಲಿ ಇದ್ದಾರೆ.

ಹೊಸಬರಿಗೆ ನಾನು ಹೇಳುವುದು ಶರಸೇತು ಬಂಧ ಕೇಳಿ ಎಂದು. ಬಾಣದಲ್ಲೇ ಸೇತುವೆ ಕಟ್ಟುತ್ತೇನೆಂದು ಪಂಥ ಹಾಕುವ ಅರ್ಜುನನ ಎದುರು ಇರುವುದೊಂದು ಮುದಿ ಕಪಿ. ಅದು ಹನುಮಂತನೆಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿದೆ! ಅರ್ಜುನನ ದನಿಯಲ್ಲಿ ಒಂದೆಳೆ ಗೌರವ ಮುಂಚಿತವಾಗಿ ಇಣುಕಿದರೂ ಪಂಥ ಸತ್ತಿತು. ಹನುಮಂತನದು ಇದರ ತಿರುಗುಮುರುಗು: ಅರ್ಜುನ ಕೇಳಿ ತಿಳಿದ ರಾಮಾಯಣವನ್ನು ಅವನು ಕಲ್ಲು ಹೊತ್ತು ತಿಳಿದವನು, ಅಷ್ಟನ್ನೂ ನುಂಗಿಕೊಂಡು ಕೂರಬೇಕು.

ಕೆಲವು ಪಾತ್ರಗಳಿಗೆ ಸಂಪ್ರದಾಯವೇ ರಿಯಾಯಿತಿ ಕೊಟ್ಟಿದೆ. ರಾವಣ ವೈಕುಂಠದ ದ್ವಾರಪಾಲಕ, ಶಾಪದಿಂದ ಹುಟ್ಟಿದವನು, ರಾಮನ ಕೈಯಲ್ಲಿ ಸಾಯಲೆಂದೇ ವೈರ ಕಟ್ಟಿಕೊಂಡವನು ಎಂಬ ದಾರಿ ಹಿಡಿದರೆ ಅವನಿಗೆ ಕೊನೆ ಮೊದಲೇ ಗೊತ್ತು. ನನಗೆ ಈ ರಾವಣ ಅಷ್ಟಾಗಿ ಹಿಡಿಸುವುದಿಲ್ಲ. ಮೋಕ್ಷದ ಚೀಟಿ ಕಿಸೆಯಲ್ಲಿದ್ದವನಿಗೆ ಅಂಗದನ ಮಾತು ಯಾಕೆ ಉರಿಯಬೇಕು? ಭಕ್ತಿಯ ಮಾತು ಕೊನೆಯ ಯುದ್ಧದಲ್ಲಿ ಬಂದರೆ ಒಪ್ಪುತ್ತೇನೆ, ಅಂಗದ ಸಂಧಾನದಲ್ಲಿ ಬೇಡ.

ಗದುಗಿನ ಭಾರತದ ಅರ್ಜುನ ಇಲ್ಲಿ ಇನ್ನೊಂದು ದಾರಿ ತೋರಿಸುತ್ತಾನೆ. ಕರ್ಣ ಅಣ್ಣನೆಂದು ಅವನಿಗೆ ಯಾರೂ ಹೇಳಿಲ್ಲ. ಆದರೂ ಕೊಲ್ಲುವ ಹೊತ್ತಿಗೆ ಕಾರಣ ತಿಳಿಯದ ಮಮತೆಯೊಂದು ಕೈ ತಡೆಯುತ್ತದೆ. ಕರ್ಣಪರ್ವದಲ್ಲಿ ಅರ್ಜುನನ ಅರ್ಥ ಹೇಳುವವರು ತಮಗೆ ತಿಳಿದ ಗುಟ್ಟನ್ನು ಅಷ್ಟರ ಮಟ್ಟಿಗೆ, ಬರೀ ಮನಸ್ಸಿನ ತಳಮಳವಾಗಿ ಖರ್ಚು ಮಾಡಬಹುದು. ಇದಿರಿನ ಕರ್ಣನಿಗೆ ಕೃಷ್ಣನ ಬಾಯಿಂದ ಎಲ್ಲ ಗೊತ್ತಾಗಿರುವುದರಿಂದ ಒಬ್ಬ ತಿಳಿದವ, ಒಬ್ಬ ತಿಳಿಯದವ ಎಂದು ಜೋಡಿ ರಂಗೇರುತ್ತದೆ.

ಇನ್ನು ಕೃಷ್ಣ. ಡಾ. ಎಂ. ಪ್ರಭಾಕರ ಜೋಶಿಯವರು ಗ್ರಂಥವನ್ನೇ ಬರೆದ ಕೃಷ್ಣ ಸಂಧಾನ ಪ್ರಸಂಗದಲ್ಲಿ ಅವನಿಗೆ ಎಲ್ಲವೂ ಗೊತ್ತು, ಸಂಧಾನ ಮುರಿಯುವುದೂ ಗೊತ್ತು. ಹಾಗೆಂದು ಮುರಿಯಲೆಂದೇ ಬಂದವನ ಹಾಗೆ ಮಾತಾಡಿದರೆ ಕೌರವನ ಹಠಕ್ಕೆ ಬೆಲೆಯಿಲ್ಲ. ಐದು ಊರನ್ನಾದರೂ ಕೊಟ್ಟಾನು ಎಂಬ ಆಸೆ ಕೃಷ್ಣನ ಮಾತಿನಲ್ಲಿ ಇರಬೇಕು, ಕೌರವನಿಗೂ ಕೇಳಬೇಕು. ಸಂಘಟಕರು ಈ ಪಾತ್ರವನ್ನು ನಗುಮುಖದ ಹೊಸಬರಿಗೆ ಕೊಟ್ಟು ಹಿರಿಯರನ್ನೆಲ್ಲ ಕೌರವನ ಕಡೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಈ ಮಳೆಗಾಲದಲ್ಲಿ ಒಮ್ಮೆಯಾದರೂ ಅದಲುಬದಲು ಮಾಡಿ ನೋಡಲಿ. ಮೆಲ್ಕಾರಿನಿಂದ ಕೊನೆಯ ಬಸ್ಸು ತಪ್ಪಿದರೂ ಸರಿ, ಪೂರ್ತಿ ಕೇಳಿಯೇ ಏಳುತ್ತೇನೆ.