ಚೋಮನ ಮಕ್ಕಳೂ ರಂಗರಾಯರ ಶಾಲೆಯೂ

ಕಾರಂತರ ‘ಚೋಮನ ದುಡಿ’ ಹೊರಬಂದದ್ದು 1933ರಲ್ಲಿ. ಅದಕ್ಕೆ ನಲವತ್ತು ವರ್ಷ ಹಿಂದೆಯೇ, 1892ರಲ್ಲಿ, ಅದೇ ದಕ್ಷಿಣ ಕನ್ನಡದ ಮಂಗಳೂರಿನಲ್ಲಿ ವಕೀಲ ಕುದ್ಮುಲ್ ರಂಗರಾಯರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಆದರೂ ಚೋಮನ ಮಕ್ಕಳ ಪಾಲಿಗೆ ಒದಗಿದ್ದು ಕಾಫಿ ತೋಟವೇ. ಇದು ಕಾದಂಬರಿಕಾರರ ಮರೆವೆ? ಅಲ್ಲವೆಂದು ನನ್ನ ಎಣಿಕೆ. ಅಪ್ಪನ ಸಾಲಕ್ಕೆ ದುಡಿಯಬೇಕಾದ ಹುಡುಗನಿಗೆ ಶಾಲೆಯ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಕಾರಂತರು ಶಾಲೆಯನ್ನು ತಂದು ಕಥೆಯನ್ನು ಸಿಹಿ ಮಾಡಲಿಲ್ಲ. ಅದು ಅವರ ಔಚಿತ್ಯಪ್ರಜ್ಞೆ.

ರಂಗರಾಯರಿಗೂ ಈ ಸತ್ಯ ತಿಳಿದಿತ್ತು. ಮೇಲ್ಜಾತಿಯ ಉಪಾಧ್ಯಾಯರು ಸಿಗದ ಕಾಲದಲ್ಲಿ ಪಾಠ ಹೇಳುವವರನ್ನು ಹುಡುಕಿ ತಂದರು. ಮಕ್ಕಳಿಗೆ ಮಧ್ಯಾಹ್ನದ ಊಟದ ಏರ್ಪಾಟು ಮಾಡಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಉಂಡರು. ಆದರೆ ಅವರನ್ನು ಕುರಿತು ಬರೆಯುವವರೆಲ್ಲ ಹಿಡಿದುಕೊಳ್ಳುವುದು ಒಂದೇ ಮಾತನ್ನು: ತಮ್ಮಲ್ಲಿ ಓದಿದ ಮಗು ದೊಡ್ಡವನಾಗಿ ಕಾರಿನಲ್ಲಿ ಹೋಗುವಾಗ ಅದರ ಧೂಳು ತಮ್ಮ ತಲೆಗೆ ತಾಗಲಿ ಎಂಬ ಆಸೆಯನ್ನು. ದೊಡ್ಡ ಮಾತೇ, ಸಂದೇಹವಿಲ್ಲ. ಭಾಷಣಗಳಲ್ಲಿ ಸವೆದು ಸವೆದು ಅದು ಊಟದ ಲೆಕ್ಕವನ್ನು ಮರೆಸಿದೆ. ನನಗೆ ಆ ಲೆಕ್ಕವೇ ಹೆಚ್ಚಿನದೆಂದು ತೋರುತ್ತದೆ.

ಇದನ್ನು ಬರಿಯ ಪುಸ್ತಕ ಓದಿ ಹೇಳುತ್ತಿಲ್ಲ. ಮಡಿವಾಳ ಮಾಚಯ್ಯನ ಊರಾದ ದೇವರ ಹಿಪ್ಪರಗಿಯಲ್ಲಿ ಕೆಲವು ತಿಂಗಳು ಸಂಜೆಯ ಹೊತ್ತು ಸಂಬಳವಿಲ್ಲದೆ ಪಾಠ ಹೇಳಿದ್ದೇನೆ. ಒಂದು ಕೋಣೆ, ಒಂದು ಹಲಗೆ, ಎಲ್ಲ ವಯಸ್ಸಿನ ಮಕ್ಕಳು. ಮಳೆ ಕೈಕೊಟ್ಟರೆ ಆ ಸೀಮೆಯ ಬಡವರು ಮಕ್ಕಳುಮರಿ ಕಟ್ಟಿಕೊಂಡು ಗೋವೆ, ಪುಣೆಗಳ ಕಡೆ ಗುಳೆ ಹೋಗುತ್ತಾರೆ. “ನಾಳಿಂದ ಸಾಲಿಗೆ ಬರಂಗಿಲ್ರೀ ಸರ, ಅವ್ವನ ಕೂಡ ಹೊಂಟೀನ್ರಿ” ಎಂದಳು ಒಬ್ಬ ಹುಡುಗಿ. ಕಾಗುಣಿತ ಆಗತಾನೆ ಕೈಗೆ ಹತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ.

ಇಂಥ ಮಗು ಶಾಲೆಯಲ್ಲಿ ಉಳಿದರೆ ಮುಂದೇನು? ಅದೇ ಜಿಲ್ಲೆಯ ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ (1994) ಆ ಪ್ರಶ್ನೆಯನ್ನು ಮಗುವಿನ ಕಡೆಯಿಂದ ಎತ್ತುತ್ತದೆ. ಜಾತಿಯೆಂಬುದು ಹೊರಗೆ ಚಪ್ಪಲಿಯಂತೆ ಬಿಟ್ಟು ಬರುವ ವಸ್ತುವಲ್ಲ, ಮಗುವಿನ ಜೊತೆಗೇ ಶಾಲೆಯೊಳಕ್ಕೆ ನಡೆದು ಬರುತ್ತದೆ. ಹೆಸರಿನಲ್ಲೇ ಇರುವ ಕುಹಕ ಕೊನೆಯವರೆಗೂ ಆರುವುದಿಲ್ಲ. ಪ್ರಸಂಗಗಳು ಬಿಡಿಬಿಡಿಯಾಗಿವೆ, ಕೆಲವೆಡೆ ಅವಸರವೂ ಕಾಣುತ್ತದೆ. ಇನ್ನಷ್ಟು ನಿಂತು ಹೇಳಬಾರದಿತ್ತೆ ಎನಿಸುತ್ತದೆ. ಆದರೂ ಮಕ್ಕಳನ್ನು ‘ಉದ್ಧರಿಸಲು’ ಪಟ್ಟಣದಿಂದ ಹೊರಡುವ ನಮ್ಮಂಥವರ ಚೀಲದಲ್ಲಿ ಇರಬೇಕಾದ ಪುಸ್ತಕ. ಅದರಲ್ಲಿ ನಮಗೆ ನಾಯಕನ ಪಾತ್ರವಿಲ್ಲ.

ಸೇವೆ ಮಾಡಿದವರು ಬರೆದ ನೆನಪುಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಲ್ಲದರಲ್ಲೂ ಮೇಷ್ಟ್ರು ಬರುತ್ತಾರೆ, ದೀಪ ಹಚ್ಚುತ್ತಾರೆ. ವರ್ಷದ ನಡುವೆ ಬಿಟ್ಟುಹೋದ ಮೇಷ್ಟ್ರನ್ನು ಕುರಿತು ಮಕ್ಕಳು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು ಎಂಬ ಕಥೆಯನ್ನು ನಾನು ಕನ್ನಡದಲ್ಲಿ ಇನ್ನೂ ಓದಿಲ್ಲ.