ಇಂಡಕ್ಷನ್ ಒಲೆ: ಬಾಳಿಕೆಯ ಮಾತು

ನಾರಾಯಣಗೂಡದ ನಮ್ಮ ಕನ್ನಡ ಮನೆಗಳಿಗೂ ಇಂಡಕ್ಷನ್ ಒಲೆ ಬಂದು ಸೇರಿದೆ. ಹಾಲು, ಚಹಾ, ಅನ್ನದ ಮಟ್ಟಿಗೆ ಅದರ ಚುರುಕನ್ನು ಮೆಚ್ಚಲೇಬೇಕು. ಗಾಜಿನಡಿಯ ತಾಮ್ರದ ಸುರುಳಿಯ ಕಾಂತಶಕ್ತಿ ಪಾತ್ರೆಯ ತಳವನ್ನೇ ಕಾಯಿಸುವುದರಿಂದ ಶಾಖ ಹೆಚ್ಚು ಪೋಲಾಗುವುದಿಲ್ಲ. ಆದರೆ ಊರಿನಿಂದ ತಂದ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಿಗೆ ಇದು ಒಲಿಯದು. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಜೋಳದ ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸುವ ಮಾತಂತೂ ಇಲ್ಲ.

ಇನ್ನು ಬಾಳಿಕೆ. ಅಂಗಡಿಯವರು ಗಾಜಿನ ಹೊಳಪು ತೋರಿಸುತ್ತಾರೆ. ಒಲೆಯ ಆಯುಸ್ಸು ಇರುವುದು ಒಳಗೆ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ಸುರುಳಿಗೆ ವಿದ್ಯುತ್ತನ್ನು ಬಿಟ್ಟು ತಡೆಯುವ ಟ್ರಾನ್ಸಿಸ್ಟರ್ ಒಂದು ಅಲ್ಲಿದೆ. ಅದನ್ನು ತಂಪಾಗಿಡುವುದು ಪುಟ್ಟ ಫ್ಯಾನು. ಧೂಳು, ಒಗ್ಗರಣೆಯ ಜಿಡ್ಡು, ಜಿರಲೆ ಸೇರಿ ಗಾಳಿಯ ದಾರಿ ಕಟ್ಟಿದರೆ, ಇಲ್ಲವೆ ಗಾಳಿಮಳೆಯಲ್ಲಿ ಹೋದ ಕರೆಂಟು ಏರುಪೇರಾಗಿ ಬಂದರೆ, ಸಾಮಾನ್ಯವಾಗಿ ಮೊದಲು ಸುಡುವುದು ಆ ಟ್ರಾನ್ಸಿಸ್ಟರೇ.

ಅಡುಗೆ ಮುಗಿದೊಡನೆ ಗೋಡೆಯ ಸ್ವಿಚ್ಚು ಆರಿಸುವುದು ನಮ್ಮ ಮಿತವ್ಯಯದ ಅಭ್ಯಾಸ. ಇಲ್ಲಿ ಅದೇ ದುಬಾರಿ. ಫ್ಯಾನು ತಾನಾಗಿ ನಿಲ್ಲುವವರೆಗೆ ಕಾಯಬೇಕು. ಒಲೆಯನ್ನು ಗೋಡೆಗೆ ಒತ್ತಿ ಇಡಬಾರದು. 2,000 ವಾಟಿನದಾದರೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಕೊಳ್ಳುವಾಗ ಬಣ್ಣಕ್ಕಿಂತ ವಾರಂಟಿಯ ಅವಧಿ, ಬಿಡಿಭಾಗ, ಹತ್ತಿರದ ರಿಪೇರಿಯವರನ್ನು ವಿಚಾರಿಸುವುದು ಲೇಸು.

ಬೆಂಕಿಯಿಲ್ಲದ ಒಲೆ ಕ್ಷೇಮವೆಂದು, ಒಂಟಿಯಾಗಿರುವ ವೃದ್ಧ ತಂದೆತಾಯಿಗಳ ಮನೆಯಿಂದ ಗ್ಯಾಸನ್ನೇ ತೆಗೆಸುವ ಮಕ್ಕಳಿದ್ದಾರೆ. ಅವರ ಕಾಳಜಿ ಸರಿ, ಲೆಕ್ಕ ತಪ್ಪು. ಒಲೆ ಕೆಟ್ಟ ದಿನ ಆ ಹಿರಿಯರಿಗೆ ಗಂಜಿಗೂ ಗತಿಯಿರದು. ಗ್ಯಾಸಿನ ಜೊತೆಗೆ ಇದು ಒಳ್ಳೆಯ ಎರಡನೆಯ ಒಲೆ. ಇದೊಂದನ್ನೇ ನಂಬಿ ಅಡುಗೆಮನೆ ನಡೆಸಿರೆಂದು ನಾವು ಹೇಳಲಾರೆವು.